ರಾಜೀನಾಮೆಗೆ ಮುಂಚೆ ಒಂದು ಆರ್ಡರ್

ಅಳಿಯಾ,

ಕೊಯಮತ್ತೂರಿನ ಸರವಣಂಪಟ್ಟಿಯ ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಬರೆದಿಟ್ಟುಕೊಂಡಿದ್ದೀಯಂತೆ, ಕಳಿಸುವುದೊಂದೇ ಬಾಕಿಯಂತೆ. ಅಕ್ಕ ಅರಸೀಕೆರೆಯಿಂದ ಫೋನ್ ಮಾಡಿ, "ನಿನ್ನ ಅಳಿಯನಿಗೆ ನೀನೇ ಬುದ್ಧಿ ಹೇಳು" ಅಂದಳು. ನಮ್ಮ ಮನೆಗಳಲ್ಲಿ ಬುದ್ಧಿ ಹೇಳು ಅಂದರೆ ತಡೆ ಅಂತಲೇ ಲೆಕ್ಕ. ನಾನು ತಡೆಯುವುದಿಲ್ಲ. ಕಳಿಸುವ ಮೊದಲು ಇಷ್ಟನ್ನು ಓದು, ಸಾಕು.

ನಾನು ಕೆಲಸ ಬಿಟ್ಟವನಲ್ಲ. ಪಲ್ಲಡಂ, ತಿರುಪ್ಪೂರು, ಕೊಯಮತ್ತೂರು ಅಂತ ಬ್ಯಾಂಕು ಹಾಕಿದ ಕಡೆ ಹೋಗಿ, ಸಾಲದ ಮೇಜಿನ ಹಿಂದೆ ಕೂತು, ನಿವೃತ್ತಿಯವರೆಗೂ ತಿಂಗಳ ಸಂಬಳ ಎಣಿಸಿದವನು. ಧೈರ್ಯದ ಉಪದೇಶ ನನ್ನ ಬಾಯಲ್ಲಿ ಒಪ್ಪುವುದಿಲ್ಲ. ಆದರೆ ಕೆಲಸ ಬಿಟ್ಟು ಬಂದವರ ಅರ್ಜಿಗಳನ್ನು ನೌಕರಿಯುದ್ದಕ್ಕೂ ಓದಿದ್ದೇನೆ. ಯಾರು ನಿಂತರು, ಯಾರು ಬಿದ್ದರು, ಬಿದ್ದವರ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿತ್ತು ಅನ್ನುವುದು ನನಗೆ ಗೊತ್ತು. ಹೇಳುವುದೂ ಅದನ್ನೇ.

ನಿನ್ನ ಯೋಚನೆ ಚೆನ್ನಾಗಿದೆ, ಅದರಲ್ಲಿ ಅನುಮಾನವಿಲ್ಲ. ತಿರುಪ್ಪೂರಿನಲ್ಲಿ ಒಂದು ಟೀ ಶರ್ಟು ಒಂದೇ ಸೂರಿನಡಿ ಹುಟ್ಟುವುದು ಅಪರೂಪ. ನೂಲು ಒಂದು ಕಡೆಯಿಂದ ಬರುತ್ತದೆ, ನಿಟ್ಟಿಂಗ್ ಇನ್ನೊಂದು ಕಡೆ, ಡೈಯಿಂಗ್ ಮತ್ತೊಂದು ಕಡೆ. ಅಲ್ಲಿಂದ ಕಾಂಪ್ಯಾಕ್ಟಿಂಗ್, ಕಟಿಂಗ್, ಪ್ರಿಂಟಿಂಗ್, ಹೊಲಿಗೆ, ಚೆಕಿಂಗ್, ಐರನ್, ಪ್ಯಾಕಿಂಗ್. ಒಂದೊಂದು ಹಂತಕ್ಕೂ ಒಬ್ಬೊಬ್ಬ ಯಜಮಾನ, ನಡುವೆ ಡೆಲಿವರಿ ಚಲನ್ ಹಿಡಿದುಕೊಂಡು ಓಡಾಡುವ ಟೆಂಪೋ. ಕಳಿಸಿದ ಬಟ್ಟೆ ಇಷ್ಟು ಕಿಲೋ, ಬಂದದ್ದು ಇಷ್ಟೇ. ಕತ್ತರಿಸಿ ಕೊಟ್ಟದ್ದು ಇಷ್ಟು ಪೀಸು, ಹೊಲಿದು ಬಂದದ್ದು ಇಷ್ಟೇ ಅಂತ ದಿನಬೆಳಗಾದರೆ ತಕರಾರು. 2024-25ರಲ್ಲಿ ಈ ಊರಿನ ರಫ್ತು ನಲವತ್ತು ಸಾವಿರ ಕೋಟಿ ರೂಪಾಯಿ ದಾಟಿತು. ಅದರ ಎಷ್ಟೋ ಲೆಕ್ಕ ಇನ್ನೂ ಕಾರ್ಬನ್ ಹಾಳೆಯ ಚಲನ್ ಪುಸ್ತಕದಲ್ಲಿದೆ. ಅದನ್ನು ಫೋನಿಗೆ ತರುತ್ತೇನೆ ಅನ್ನುತ್ತೀಯ. ತರಬೇಕಾದದ್ದೇ. ನನ್ನ ಪ್ರಶ್ನೆ ಒಂದೇ: ಇದಕ್ಕೆ ಈ ತಿಂಗಳು ದುಡ್ಡು ಎಣಿಸುವ ಒಬ್ಬ ಯಜಮಾನನ ಹೆಸರು ಹೇಳಬಲ್ಲೆಯಾ?

ನನ್ನ ಮೇಜಿಗೆ ಎರಡು ಥರದವರು ಬರುತ್ತಿದ್ದರು. ಒಬ್ಬ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ಪ್ರಾಜೆಕ್ಟ್ ರಿಪೋರ್ಟು ಬರೆಯುವುದು ಅವನಿಗೆ ಗೊತ್ತಿಲ್ಲ, ಆಡಿಟರ್ ಹುಡುಗನೊಬ್ಬ ಬರೆದುಕೊಟ್ಟಿರುತ್ತಾನೆ. ಬಾಡಿಗೆ ಶೆಡ್ಡು, ಎರಡು ಓವರ್‌ಲಾಕ್, ಒಂದು ಫ್ಲ್ಯಾಟ್‌ಲಾಕ್, ಒಂದು ಸಿಂಗರ್ ಮೆಷಿನ್ನು, ಇಷ್ಟೇ ಅವನ ಕನಸು. ಆದರೆ ಜೇಬಿನಿಂದ ಒಂದು ಚೀಟಿ ತೆಗೆಯುತ್ತಿದ್ದ. ಅವನ ಹಳೆಯ ಯಜಮಾನನೇ ಬರೆದದ್ದು: ವಾರಕ್ಕೆ ಇಷ್ಟು ಡಜನ್ ಹೊಲಿಗೆ ಕೆಲಸ ಇವನಿಗೆ ಕೊಡುತ್ತೇನೆ. ಇನ್ನೊಬ್ಬ ಇಂಜಿನಿಯರು, ಹೊರದೇಶದಲ್ಲಿದ್ದು ಬಂದವನು. ದಪ್ಪನೆಯ ರಿಪೋರ್ಟು, ಬಣ್ಣದ ಗ್ರಾಫು, ಐದು ವರ್ಷದ ಲಾಭದ ಅಂದಾಜು. ಅದರಲ್ಲಿ ಒಂದೇ ಒಂದು ಪರ್ಚೇಸ್ ಆರ್ಡರ್ ಇರುತ್ತಿರಲಿಲ್ಲ. ಸಾಲ ಇಬ್ಬರಿಗೂ ಆಗುತ್ತಿತ್ತು, ಎರಡನೆಯವನಿಗೆ ಹೆಚ್ಚೇ ಆಗುತ್ತಿತ್ತು, ಏಕೆಂದರೆ ಅವನಪ್ಪನ ಮನೆ ಅಡವಿಗೆ ಸಿಗುತ್ತಿತ್ತು. ಕಂತು ತಪ್ಪದೆ ಕಟ್ಟಿದವನು ಬಹುಪಾಲು ಮೊದಲನೆಯವನು.

ಇದು ನನ್ನೊಬ್ಬನ ಅನುಭವ ಅಂದುಕೊಳ್ಳಬೇಡ. ಕೊಯಮತ್ತೂರು ಸುತ್ತಿನ ಕೊಂಗು ನಾಡಿನ ಒಕ್ಕಲು ಮನೆಗಳಿಂದ ಕೂಲಿಗೆ ಬಂದ ಗೌಂಡರ್ ಹುಡುಗರು ಹೇಗೆ ಬನಿಯನ್ ಕಂಪನಿಗಳ ಯಜಮಾನರಾದರು ಎಂಬುದನ್ನು ಶರದ್ ಚಾರಿ ಎಂಬ ವಿದ್ವಾಂಸರು 2004ರಲ್ಲಿ 'ಫ್ರಾಟರ್ನಲ್ ಕ್ಯಾಪಿಟಲ್' ಎಂಬ ಪುಸ್ತಕವಾಗಿ ಬರೆದಿದ್ದಾರೆ. ಅದರಲ್ಲಿ ದುಡಿಮೆಯಷ್ಟೇ ಜಾತಿ, ನೆಂಟಸ್ತಿಕೆಗಳ ಪಾಲೂ ಇದೆ. ನೂಲಿನ ಅಂಗಡಿಯವನು ಸಾಲಕ್ಕೆ ನೂಲು ಕೊಡುವುದು, ಡೈಯಿಂಗ್‌ನವನು ಬಿಲ್ಲಿಗೆ ಕಾಯುವುದು, ಇದೆಲ್ಲ ಇವನು ಯಾರ ಮಗ, ಯಾವ ಊರಿನವನು ಅನ್ನುವುದರ ಮೇಲೆ. ಹಾಸನ ಜಿಲ್ಲೆಯಿಂದ ಬಂದ ನಿನಗೆ ಆ ಅನುಕೂಲ ಇಲ್ಲ. ಹಾಗಾಗಿ ನಿನ್ನನ್ನು ನಂಬುವ ಜನರನ್ನು ಕೆಲಸದಲ್ಲಿರುವಾಗಲೇ ನೀನು ಸಂಪಾದಿಸಬೇಕು, ಬಿಟ್ಟ ಮೇಲೆ ಅದಕ್ಕೆ ಪುರುಸೊತ್ತೇ ಇರುವುದಿಲ್ಲ.

ಕನ್ನಡ ಎಲ್ಲೋ ಒಂದು ಕಡೆ ಕೈಹಿಡಿದೀತು. ಕೊಯಮತ್ತೂರಿನ ರಾಜವೀದಿಯಲ್ಲಿ, ನೆಗಮಂ, ಸಿರುಮುಗೈ ಕಡೆ ಮನೆಯೊಳಗೆ ಕನ್ನಡ ಆಡುವ ದೇವಾಂಗ ನೇಕಾರರಿದ್ದಾರೆ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ಕೂಡ ಕೊಯಮತ್ತೂರು ಜಿಲ್ಲೆಯದೇ ತಾಲ್ಲೂಕು. ಆದರೆ ವ್ಯಾಪಾರದ ಮಾತು ಕೊಂಗು ತಮಿಳು. ಅಲ್ಲಿ ಟೆಂಪೋ ಡ್ರೈವರನ್ನೂ 'ವಾಂಗೊ' ಅಂತ ಬಹುವಚನದಲ್ಲೇ ಕರೆಯುತ್ತಾರೆ. ನೀನು ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಕಾಲ ಹಾಕಿದ್ದೀಯ. ಲೆಕ್ಕದ ಪುಸ್ತಕ ತೋರಿಸು ಅಂತ ಒಬ್ಬ ಯಜಮಾನನನ್ನು ಇಂಗ್ಲಿಷಿನಲ್ಲಿ ಕೇಳಿದರೆ ಟೀ ಕುಡಿಸಿ ಕಳಿಸುತ್ತಾನೆ ಅಷ್ಟೆ.

ದೊಡ್ಡವರ ಕಥೆಗಳನ್ನು ನೀವು ಹುಡುಗರು ಅರ್ಧ ಓದುತ್ತೀರಿ ಅಂತ ನನ್ನ ದೂರು. ಇನ್ಫೋಸಿಸ್ ಅಂದ ಕೂಡಲೇ ಸುಧಾಮೂರ್ತಿಯವರು ಗಂಡನಿಗೆ ಕೊಟ್ಟ ಹತ್ತು ಸಾವಿರ ರೂಪಾಯಿ ಎಲ್ಲರ ಬಾಯಲ್ಲೂ ಬರುತ್ತದೆ. 1981ರಲ್ಲಿ ಪಟ್ನಿ ಕಂಪ್ಯೂಟರ್ಸ್ ಬಿಟ್ಟು ಬಂದು ಇನ್ಫೋಸಿಸ್ ಕಟ್ಟಿದ ಏಳು ಜನರಿಗೆ ನ್ಯೂಯಾರ್ಕಿನ ಡೇಟಾ ಬೇಸಿಕ್ಸ್ ಕಾರ್ಪೊರೇಷನ್ ಎಂಬ ಗಿರಾಕಿ ಆರಂಭದಲ್ಲೇ ಇತ್ತು ಅನ್ನುವುದನ್ನು ಎಷ್ಟು ಜನ ಹೇಳುತ್ತಾರೆ? ಅದಕ್ಕೂ ಮುಂಚೆ ನಾರಾಯಣಮೂರ್ತಿಯವರು ಸಾಫ್ಟ್ರಾನಿಕ್ಸ್ ಅಂತ ಒಂದು ಕಂಪನಿ ಮಾಡಿ, ಅದು ನಡೆಯದೆ, ಪಟ್ನಿಯಲ್ಲಿ ನೌಕರಿಗೆ ಸೇರಿದ್ದರು. ಹತ್ತು ಸಾವಿರದ ಕಥೆ ಹೇಳಲು ಚೆನ್ನಾಗಿದೆ, ಕಂಪನಿ ನಿಂತದ್ದು ಗಿರಾಕಿಯ ಮೇಲೆ.

ನಿಮ್ಮ ಕಡೆಯವರೇ ಆದ ಕ್ಯಾಪ್ಟನ್ ಗೋಪಿನಾಥ್ ಅವರನ್ನು ನೋಡು. ಸೈನ್ಯ ಬಿಟ್ಟರು, ಏರ್ ಡೆಕ್ಕನ್ ಕಟ್ಟಿದರು ಅಂತ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಸೈನ್ಯ ಬಿಟ್ಟದ್ದು ಎಪ್ಪತ್ತರ ದಶಕದ ಕೊನೆಗೆ, ಹೆಲಿಕಾಪ್ಟರ್ ಕಂಪನಿ ಶುರುವಾದದ್ದು 1997ರಲ್ಲಿ, ಏರ್ ಡೆಕ್ಕನ್ ವಿಮಾನ ಹಾರಿದ್ದು 2003ರಲ್ಲಿ. ನಡುವಿನ ವರ್ಷಗಳಲ್ಲಿ ಜಾವಗಲ್ ಹತ್ತಿರ ತೋಟ, ರೇಷ್ಮೆ, ಹಾಸನದಲ್ಲಿ ಮೋಟಾರ್ ಸೈಕಲ್ ಏಜೆನ್ಸಿ, ಹೋಟೆಲು. ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ವಿಮಾನದ ಹಿಂದೆ ಇಷ್ಟು ವರ್ಷಗಳ ಮಣ್ಣಿನ ಕೆಲಸ ಇದೆ, ನಿನಗೆ ಒಂದೇ ವರ್ಷದಲ್ಲಿ ಹಾರಬೇಕು.

ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರ ವಿಷಯಕ್ಕೆ ಬಾ. ಅವಿನಾಶಿ ರಸ್ತೆಯ ಮೇಲೆ ಹತ್ತು ಕಿಲೋಮೀಟರ್ ಉದ್ದದ ಮೇಲ್ಸೇತುವೆ 2025ರ ಅಕ್ಟೋಬರ್‌ನಲ್ಲಿ ತೆರೆಯಿತಲ್ಲ, ಅದಕ್ಕೆ ಅವರದೇ ಹೆಸರು. 1893ರಲ್ಲಿ ಕಲಂಗಲ್ ಹಳ್ಳಿಯಲ್ಲಿ ಹುಟ್ಟಿದ ಮನುಷ್ಯ. ಒಬ್ಬ ಇಂಗ್ಲಿಷ್ ಅಧಿಕಾರಿಯ ಮೋಟಾರ್ ಸೈಕಲ್ ನೋಡಿ, ಅಂಥದ್ದೇ ಬೇಕು ಅಂತ ಕೊಯಮತ್ತೂರಿಗೆ ಬಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದು ದುಡ್ಡು ಕೂಡಿಸಿದರು. ಗಾಡಿ ಕೊಂಡು, ಅದನ್ನು ಬಿಚ್ಚಿ ಜೋಡಿಸಿ ಯಂತ್ರ ಕಲಿತರು. 1920ರಲ್ಲಿ ಒಂದೇ ಒಂದು ಬಸ್ಸು, ಪೊಳ್ಳಾಚಿಯಿಂದ ಪಳನಿಗೆ, ಡ್ರೈವರ್ ಅವರೇ. ಆಮೇಲೆ ಯೂನಿವರ್ಸಲ್ ಮೋಟಾರ್ ಸರ್ವಿಸ್, 1937ರಲ್ಲಿ ಬಾಲಸುಂದರಂ ಎಂಬವರ ಜೊತೆ ಸೇರಿ ಎಲೆಕ್ಟ್ರಿಕ್ ಮೋಟಾರು. ಆ ಮೋಟಾರಿನ ಸಂತತಿಯೇ ಇಂದು ಪೀಳಮೇಡು, ಗಣಪತಿ ಕಡೆಯ ಪಂಪ್‌ಸೆಟ್ ಕಾರ್ಖಾನೆಗಳು ಅಂದರೆ ತಪ್ಪಾಗದು. ಅವರ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ. ಬ್ಯಾಂಕಿನವನಾದ ನನ್ನ ಕಣ್ಣಿಗೆ ಬಿದ್ದದ್ದು ಇನ್ನೊಂದು: ಬಸ್ಸಿನಲ್ಲಿ ಕೂತವನು ಇಳಿಯುವ ಮುಂಚೆಯೇ ಟಿಕೆಟ್ಟಿನ ದುಡ್ಡು ಕೊಟ್ಟಿರುತ್ತಾನೆ. ಸಾಲದ ಗಿರಾಕಿ ಇಲ್ಲದ ವ್ಯಾಪಾರ ಅದು.

ನೀನು ಕಾಲಿಡುತ್ತಿರುವ ತಿರುಪ್ಪೂರಿನದು ಇದಕ್ಕೆ ಉಲ್ಟಾ. ಹೊರದೇಶದ ಖರೀದಿದಾರ ಸರಕು ತಲುಪಿದ ಮೇಲೆ ಅರವತ್ತು, ತೊಂಬತ್ತು ದಿನಕ್ಕೆ ದುಡ್ಡು ಕಳಿಸುತ್ತಾನೆ. ಅವನು ಕಳಿಸಿದ ಮೇಲೆ ರಫ್ತುದಾರ, ರಫ್ತುದಾರ ಕೊಟ್ಟ ಮೇಲೆ ಜಾಬ್ ವರ್ಕ್‌ನವನು. ಆದರೆ ಹೊಲಿಯುವವರಿಗೆ ಸಂಬಳ ಪ್ರತಿ ಶನಿವಾರ ಸಂಜೆ. ತೊಂಬತ್ತು ದಿನಕ್ಕೆ ಬರುವ ದುಡ್ಡು, ಏಳು ದಿನಕ್ಕೆ ಹೋಗುವ ದುಡ್ಡು: ಈ ಸಂದಿನಲ್ಲಿ ಬಿದ್ದು ಮುಚ್ಚಿದ ಶೆಡ್ಡುಗಳು ನಷ್ಟದಿಂದ ಮುಚ್ಚಿದವಲ್ಲ, ಪುಸ್ತಕದಲ್ಲಿ ಅವಕ್ಕೆ ಲಾಭವೇ ಇತ್ತು. ಶುಕ್ರವಾರ ಸಂಜೆ ಬ್ಯಾಂಕಿಗೆ ಬಂದು, "ಸಾರ್, ಓವರ್‌ಡ್ರಾಫ್ಟ್ ಮೇಲೆ ಒಂಚೂರು" ಅನ್ನುತ್ತಿದ್ದವರ ಮುಖ ನನಗೆ ಈಗಲೂ ಕಾಣುತ್ತದೆ.

ನಿನ್ನ ಸಾಫ್ಟ್‌ವೇರಿನ ದುಡ್ಡು ಈ ಸಾಲಿನಲ್ಲಿ ಕಟ್ಟಕಡೆಯದು ಎಂಬುದನ್ನು ತಲೆಯಲ್ಲಿಟ್ಟುಕೋ. ಕೈ ಬಿಗಿಯಾದ ತಿಂಗಳು ಯಜಮಾನ ಕರೆಂಟ್ ಬಿಲ್ಲು ಕಟ್ಟುತ್ತಾನೆ, ಟೈಲರ್‌ಗಳಿಗೆ ಕೊಡುತ್ತಾನೆ, ನಿನಗೆ "ಮುಂದಿನ ವಾರ" ಅನ್ನುತ್ತಾನೆ. ಹಾಗಾಗಿ ಬಸ್ಸಿನವರಂತೆ ಮುಂಗಡ ಟಿಕೆಟ್ಟು ಹರಿ. ವರ್ಷದ ಚಂದಾ ಮೊದಲೇ ಕೊಟ್ಟವನಿಗೆ ಒಳ್ಳೆಯ ರಿಯಾಯಿತಿ ಕೊಡು, ಬೇಕಾದರೆ ಎರಡು ತಿಂಗಳದ್ದನ್ನು ಬಿಟ್ಟುಬಿಡು. ಬಿಟ್ಟಿಯಾಗಿ ಬಳಸಿ ನೋಡಲಿ, ಆಮೇಲೆ ಕೊಡುತ್ತಾರೆ ಅಂತ ನಿನ್ನ ಗೆಳೆಯ ಹೇಳಿದನಂತೆ. ಬಿಟ್ಟಿ ಬಳಸುವವನು ಗಿರಾಕಿಯಲ್ಲ. ಐನೂರು ರೂಪಾಯಿಯಾದರೂ ಈಸಿಕೋ.

ದುಡ್ಡು ತಡ ಮಾಡುವವರಿಗೆ ಕಾನೂನು ಇದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿರಲಿ, ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು 45 ದಿನ ಮೀರಿಸುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ. 2023-24ರಿಂದ ಆದಾಯ ತೆರಿಗೆಯಲ್ಲೂ ಒಂದು ಬಿಗಿ ಬಂದಿದೆ: ಗಡುವಿನೊಳಗೆ ಕೊಡದ ಹಣವನ್ನು, ಕೊಡುವವರೆಗೆ ಖರ್ಚು ಅಂತ ತೋರಿಸುವ ಹಾಗಿಲ್ಲ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮೊದಲ ದಿನವೇ ಮಾಡಿಸು. ಆದರೆ ಈ ಕಾನೂನು ಹಿಡಿದು ತನ್ನ ಗಿರಾಕಿಯ ಮೇಲೆ ದೂರು ಕೊಟ್ಟ ಸಣ್ಣವನನ್ನು ನಾನು ಕಂಡದ್ದು ಕಡಿಮೆ. ದೂರು ಕೊಟ್ಟವನಿಗೆ ಬಡ್ಡಿ ಬರಬಹುದು, ಮುಂದಿನ ಆರ್ಡರ್ ಬರುವುದಿಲ್ಲ. ಕಾಯ್ದೆಗಿಂತ ಮುಂಗಡ ಮೇಲು.

ಮೊದಲ ಗಿರಾಕಿ ಸಿಕ್ಕಿದ, ಸರಿ. ಅವನೊಬ್ಬನೇ ಕೊನೆಯವರೆಗೆ ಉಳಿದರೆ? ಸೋಮನೂರು, ಪಲ್ಲಡಂ ಕಡೆ ಪವರ್‌ಲೂಮ್ ಇಟ್ಟವರನ್ನು ನೋಡು. ಮಗ್ಗ ತನ್ನದು, ಶೆಡ್ಡು ತನ್ನದು, ಸಾಲವೂ ತನ್ನದೇ. ನೂಲು ಮಾತ್ರ ಬೇರೆಯವರದು, ನೇಯ್ದುಕೊಟ್ಟರೆ ಕೂಲಿ. ಹೆಸರಿಗೆ ಮಾಲೀಕ. ಕೂಲಿ ದರ ಏರಿಸಿ ಅಂತ 2025ರ ಮಾರ್ಚ್, ಏಪ್ರಿಲ್‌ನಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಈ ಮಾಲೀಕರೇ ಮಗ್ಗ ನಿಲ್ಲಿಸಿ ಮುಷ್ಕರ ಹೂಡಬೇಕಾಯಿತು. ಕೆಲಸ ಬಿಟ್ಟು ನೀನು ಒಂದೇ ಕಂಪನಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತ ಕೂತರೆ ನಿನ್ನ ಗತಿಯೂ ಇದೇ: ಅದೇ ನೌಕರಿ, ಪಿಎಫ್ ಇಲ್ಲ, ರಜೆ ಇಲ್ಲ.

ಗಿರಾಕಿಗಳೆಲ್ಲ ಒಂದೇ ಊರಿನವರಾದರೂ ಅಪಾಯವೇ. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ನೊಯ್ಯಲ್ ನದಿ ಕೆಡಿಸಿದ್ದಕ್ಕೆ ಏಳುನೂರಕ್ಕೂ ಹೆಚ್ಚು ಡೈಯಿಂಗ್ ಘಟಕಗಳನ್ನು ಮುಚ್ಚಿಸಿತು. ಕೋರ್ಟು ಮಾಡಿದ್ದು ಸರಿಯೇ. ನದಿ ಕೆಳಗಿನ ಒರತ್ತುಪಾಳಯಂ ಅಣೆಕಟ್ಟಿನ ನೀರು ರೈತರ ಹೊಲಕ್ಕೆ ಹಾಯಿಸುವ ಸ್ಥಿತಿಯಲ್ಲಿರಲಿಲ್ಲ, ಬನಿಯನ್ ಲಾಭದಲ್ಲಿ ಆ ರೈತರ ನಷ್ಟವನ್ನು ಯಾರೂ ಲೆಕ್ಕ ಹಿಡಿದಿರಲಿಲ್ಲ. ಆದರೆ ಬಣ್ಣ ನಿಂತ ಮೇಲೆ ಬಣ್ಣದ ತಪ್ಪಿಲ್ಲದ ಹೊಲಿಗೆಯವನೂ ಖಾಲಿ ಕೂತ. ಹಾಗೆಯೇ 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಸರಕಿಗೆ ಶೇ. 50 ಸುಂಕ ಹಾಕಿದಾಗ ಹೆಚ್ಚು ನಡುಗಿದವರು ಅಮೆರಿಕವೊಂದನ್ನೇ ನಂಬಿದವರು. ಎರಡನೇ ವರ್ಷಕ್ಕಾದರೂ ಈರೋಡು, ಕರೂರು, ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಒಂದೆರಡು ಗಿರಾಕಿ ಇರಲಿ.

ಈಗಿನ ಕಂಪನಿಯ ವಿಷಯ. ಕೆಲಸ ಬಿಟ್ಟ ಮೇಲೆ ನೀನು ಇಂಥ ವ್ಯಾಪಾರ ಮಾಡಕೂಡದು ಎಂಬ ಕರಾರು ನಮ್ಮ 1872ರ ಕರಾರು ಕಾಯ್ದೆಯ 27ನೇ ಕಲಮಿನ ಎದುರು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆ ಧೈರ್ಯದ ಮೇಲೆ ಅವರ ಕೋಡು, ಅವರ ಗಿರಾಕಿಗಳ ಪಟ್ಟಿ ಎತ್ತಿಕೊಂಡು ಬರಬೇಡ, ಅದಕ್ಕೆ ಕಾನೂನು ರಕ್ಷಣೆ ಕೊಡುವುದಿಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ನಿನ್ನ ಕೆಲಸದ ಒಂದು ಸಾಲೂ ಬರೆಯಬೇಡ. ನಿನ್ನದೇ ಹಳೆಯ ಕಂಪ್ಯೂಟರು, ನಿನ್ನದೇ ರಾತ್ರಿ, ನಿನ್ನದೇ ಭಾನುವಾರ. ಕೊಯಮತ್ತೂರಿನ ಕೋವೈ.ಕೋ ಕಟ್ಟಿದ ಸರವಣ ಕುಮಾರ್ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಮೈಕ್ರೋಸಾಫ್ಟಿನ ಬಿಜ್‌ಟಾಕ್ ತಂತ್ರಾಂಶದಲ್ಲೇ ಪಳಗಿ, ಅದನ್ನು ನಡೆಸುವವರಿಗೆ ಇರುವ ತೊಡಕಿಗೇ ಪರಿಹಾರ ಮಾಡಿ 2011ರಲ್ಲಿ ಕಂಪನಿ ತೆರೆದರು. ಹೊರಗಿನ ಬಂಡವಾಳಗಾರರ ಹಿಂದೆ ಹೋಗಲಿಲ್ಲ. 2025ರಲ್ಲಿ ಸುಮಾರು 140 ನೌಕರರಿಗೆ ಹದಿನಾಲ್ಕು ಕೋಟಿ ರೂಪಾಯಿಗೂ ಹೆಚ್ಚು ಬೋನಸ್ ಹಂಚುವ ಸ್ಥಿತಿಗೆ ಬಂದದ್ದನ್ನು ಪೇಪರಿನಲ್ಲಿ ನೀನೂ ಓದಿರಬೇಕು. ನೌಕರಿ ಅವರಿಗೆ ಸಂಬಳದ ಜೊತೆ ಸಮಸ್ಯೆಯನ್ನೂ ಕೊಟ್ಟಿತ್ತು. ನಿನ್ನ ನೌಕರಿ ಕೊಡುತ್ತಿರುವುದು ಬ್ಯಾಂಕಿಂಗ್ ತಂತ್ರಾಂಶದ ಅನುಭವ, ನೀನು ಹೋಗುತ್ತಿರುವುದು ಬನಿಯನ್ ಕಂಪನಿಗೆ. ಈ ಅಂತರ ತುಂಬಲು ಬಿಡುವ ಮುಂಚೆ ಕೆಲವು ತಿಂಗಳು ಬೇಕಾಗಬಹುದು.

ಮನೆಯ ಮಾತು ಇನ್ನು ಸ್ವಲ್ಪ, ಇದರಲ್ಲಿ ಸಂಕೋಚ ಬೇಡ. ಐದು ವರ್ಷ ತುಂಬಿದರೆ ಗ್ರಾಚುಯಿಟಿ ಬರುತ್ತದೆ. ಕೆಲವೇ ತಿಂಗಳು ಕಡಿಮೆಯಿದ್ದರೆ ಹಲ್ಲು ಕಚ್ಚಿ ತುಂಬಿಸಿಕೋ. ಕಂಪನಿಯ ಆರೋಗ್ಯ ವಿಮೆ ನೀನು ಹೊರಬಿದ್ದ ದಿನವೇ ನಿಲ್ಲುತ್ತದೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ. ಆ ಪಾಲಿಸಿ ಇವತ್ತೇ ಮಾಡಿಸು. ಪಿಎಫ್ ಮುಟ್ಟಬೇಡ. ಒಂದೂವರೆ ವರ್ಷದ ಮನೆ ಖರ್ಚು ಬೇರೆ ಖಾತೆಯಲ್ಲಿ ಇಡು, ಅದರ ಪಾಸ್‌ಬುಕ್ ನಿನ್ನ ಹೆಂಡತಿಯ ಕೈಯಲ್ಲಿರಲಿ. ಅವಳ ಸಂಬಳದಲ್ಲಿ ಮನೆ ನಡೆಯುತ್ತದೆ ಅಂತ ನೀನೇ ತೀರ್ಮಾನ ಮಾಡಿಬಿಟ್ಟಿದ್ದೀಯ. ಅವಳನ್ನು ಕೂರಿಸಿಕೊಂಡು ಅಂಕಿ ಅಂಶ ಮುಂದಿಟ್ಟು ಕೇಳಿದ್ದೀಯಾ? ಅವಳೂ ಮುಂದೊಂದು ದಿನ ಕೆಲಸ ಬದಲಿಸಬೇಕು ಅಂದುಕೊಂಡಿರಬಹುದು. ಸಾಲ ಬೇಕಾದರೆ ಅಡವಿಲ್ಲದೆ ಕೊಡುವ ಸರ್ಕಾರಿ ಗ್ಯಾರಂಟಿ ಯೋಜನೆಗಳಿವೆ, ಮುದ್ರಾ ಇದೆ, ನಾನೇ ಅರ್ಜಿ ಬರೆದುಕೊಡುತ್ತೇನೆ. ಅರಸೀಕೆರೆಯ ಮನೆ ಪತ್ರ ಮಾತ್ರ ಬ್ಯಾಂಕಿಗೆ ತರಬೇಡ. ಆ ಮೇಜಿನ ಮೇಲೆ ಎಷ್ಟೋ ಅಪ್ಪಂದಿರು ಸಹಿ ಹಾಕಿದ್ದನ್ನು ನಾನು ನೋಡಿದ್ದೇನೆ. ಯಾವ ಅಪ್ಪನೂ ಕಾಗದ ಓದಿ ಸಹಿ ಹಾಕಿದವನಲ್ಲ.

ಗೆಳೆಯನ ಜೊತೆ ಪಾಲುದಾರಿಕೆ ಅಂದೆ. ಯಾರದು ಎಷ್ಟು ಪಾಲು, ಒಬ್ಬ ನಡುವೆ ಬಿಟ್ಟರೆ ಅವನ ಪಾಲು ಏನಾಗುತ್ತದೆ ಅನ್ನುವುದನ್ನು ಈಗಲೇ ಬರೆದುಕೊಳ್ಳಿ. ಅದನ್ನು ಬರೆಯಲು ಸಂಕೋಚಪಡುವ ಗೆಳೆಯ ಪಾಲುದಾರನಾಗುವುದು ಬೇಡ.

ನಡೆಯದಿದ್ದರೆ ಏನು ಅಂತಲೂ ಯೋಚಿಸಿರು. ತಿರುಪ್ಪೂರಿನಲ್ಲಿ ಶೆಡ್ಡು ಮುಚ್ಚಿದವನು ಬೇರೊಬ್ಬರ ಕಂಪನಿಯಲ್ಲಿ ಮತ್ತೆ ಮೆಷಿನ್ನಿಗೆ ಕೂರುತ್ತಾನೆ, ಕೆಲ ಕಾಲಕ್ಕೆ ಮತ್ತೆ ಶೆಡ್ಡು ತೆರೆಯುತ್ತಾನೆ. ಅಲ್ಲಿ ಅದು ಅವಮಾನವಲ್ಲ. ನಮ್ಮ ಕಡೆ ಮಾತ್ರ ನೆಂಟರ ಮದುವೆಯಲ್ಲಿ ಕೇಳುತ್ತಾರೆ, ಕೇಳಲಿ.

ಬರುವ ವಾರ ಒಂದು ದಿನ ರಜೆ ಹಾಕಿ ತಿರುಪ್ಪೂರಿಗೆ ಹೋಗು. ಶನಿವಾರ ಬೇಡ, ಸಂಬಳ ಬಟವಾಡೆಯ ದಿನ ಯಾರೂ ನಿನ್ನ ಮಾತು ಕೇಳುವುದಿಲ್ಲ, ಬುಧವಾರ ಹೋಗು. ನನಗೆ ಪರಿಚಯದ ಮೂವರು ಯಜಮಾನರಿದ್ದಾರೆ, ಫೋನ್ ಮಾಡಿ ಹೇಳಿಡುತ್ತೇನೆ. ಲ್ಯಾಪ್‌ಟಾಪ್ ತೆಗೆಯಬೇಡ, ಅವರ ಚಲನ್ ಪುಸ್ತಕ ಕೇಳಿ ನೋಡು. ಮೂವರಲ್ಲಿ ಒಬ್ಬ ಮುಂಗಡ ಕೊಟ್ಟರೂ ಆ ರಾಜೀನಾಮೆ ಕಳಿಸಿಬಿಡು. ಮೂವರೂ "ನೋಡೋಣ" ಅಂದರೆ ಇನ್ನಾರು ತಿಂಗಳು ಸಂಬಳ ತೆಗೆದುಕೊಂಡೇ ಕೆಲಸ ಮಾಡು.